ಕತ್ತರಿ ಮುಟ್ಟದ ಎಲೆ

ನಮ್ಮ ಮನೆಯ ಹಾಲ್‌ನಲ್ಲಿ ಓದುವಷ್ಟು ಬೆಳಕು ಬೀಳುವ ಜಾಗ ಒಂದೇ ಒಂದಿತ್ತು. ಮೂಡಲ ಕಡೆಯ ಕಿಟಕಿಯ ಕೆಳಗೆ, ಒಂದು ಪುಟ್ಟ ಮೇಜು ಹಿಡಿಯುವಷ್ಟು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅದನ್ನು ನನ್ನಿಂದ ಕಿತ್ತು ಒಂದು ಗಿಡಕ್ಕೆ ಕೊಟ್ಟರು. ಇಷ್ಟು ವರ್ಷದ ಮೇಲೆ ಈ ಮಾತು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡುವ ಇರಾದೆ ನನಗಿಲ್ಲ. ವಯಸ್ಸಾದ ಮೇಲೆ ಹಿಂತಿರುಗಿ ನೋಡಿದರೆ ಬಾಲ್ಯವೆಲ್ಲ ಸಿಹಿಯಾಗಿ ಕಾಣುತ್ತದೆ ಎಂದು ಹೇಳುವವರಿದ್ದಾರೆ. ಅವರನ್ನು ಯಾರೂ ದೇವರ ಮುಂದೆ ನಿಲ್ಲಿಸಿ ಕರ್ಪೂರ ಹಚ್ಚಿರಲಿಲ್ಲ ಅಂತ ಕಾಣುತ್ತದೆ.

ಬೈಯಪ್ಪನಹಳ್ಳಿಗೆ ಅಂಟಿಕೊಂಡಿದ್ದ ಹಳೆಯ ಊರು ನಮ್ಮದು. ನಮ್ಮವರು ಸೊಪ್ಪು, ಎಲೆಕೋಸು ಬೆಳೆದು ಶಿವಾಜಿನಗರದ ಮಾರ್ಕೆಟ್ಟಿಗೆ ಹಾಕುತ್ತಿದ್ದವರು. ನನಗೆ ಬುದ್ಧಿ ಬರುವ ಹೊತ್ತಿಗೆ ಕೋಸಿನ ಪಾತಿಗಳಿದ್ದ ಕಡೆ ಮೇನು, ಕ್ರಾಸು ಎಂದು ಕಲ್ಲು ನೆಟ್ಟಾಗಿತ್ತು. ಉಳಿದ ತುಂಡು ನೆಲದಲ್ಲಿ ಅಪ್ಪ ಮೂರಂತಸ್ತಿನ ಮನೆ ಕಟ್ಟಿಸಿದರು. ಕೆಳಗೆ ನಾವು, ಮೇಲೆರಡರಲ್ಲಿ ಬಾಡಿಗೆಯವರು. ಹೊಸ ಮನೆಯಲ್ಲಿ ಅಪ್ಪ ಮಾಡಿದ ಮೊದಲ ಕಾನೂನು, ಎಲ್ಲೂ ಮಣ್ಣು ಕಾಣಿಸಬಾರದು ಎನ್ನುವುದು. ಅಜ್ಜಿ ಗೇಟಿನ ಪಕ್ಕ ಸಾಲಾಗಿ ಇಟ್ಟುಕೊಂಡಿದ್ದ ಎಣ್ಣೆ ಡಬ್ಬಗಳನ್ನೂ ಅದರೊಳಗಿನ ಪುದೀನ, ದೊಡ್ಡಪತ್ರೆಗಳನ್ನೂ ಗೃಹಪ್ರವೇಶದ ಹಿಂದಿನ ದಿನ ಲಾರಿಗೆ ಹಾಕಿಸಿಬಿಟ್ಟರು. ಅಜ್ಜಿ ಎರಡು ಡಬ್ಬವನ್ನು ಹೇಗೋ ಉಳಿಸಿ ಹಿತ್ತಲಿನ ನೀರಿನ ಸಂಪಿನ ಹಿಂದೆ ಬಚ್ಚಿಟ್ಟಳು. ಐವತ್ತು ವರ್ಷ ಬೇಸಾಯ ಮಾಡಿದ ಹೆಂಗಸು ತನ್ನ ಮಗನ ಮನೆಯಲ್ಲಿ ಪುದೀನ ಬಚ್ಚಿಟ್ಟುಕೊಂಡಳು. ಅದನ್ನೂ ನಾನು ಮರೆತಿಲ್ಲ.

ಹಾಗೆ ಮಣ್ಣನ್ನು ಮನೆಯಿಂದಾಚೆ ಹಾಕಿದ ಅಪ್ಪನೇ ಒಂದು ಭಾನುವಾರ ಆಟೋದಲ್ಲಿ ತಮ್ಮ ತೊಡೆಯ ಮೇಲೆ ಕುಂಡ ಇಟ್ಟುಕೊಂಡು ಬಂದಿಳಿದರು. ಅದರ ಹಿಂದೆ ಒಂದು ಕತೆಯಿತ್ತು. ಅಪ್ಪ ಚಿಕ್ಕವರಿದ್ದಾಗ ಸೈಕಲ್ಲಿನ ಕ್ಯಾರಿಯರ್‌ಗೆ ಕೋಸಿನ ಬುಟ್ಟಿ ಕಟ್ಟಿಕೊಂಡು ಬೆನ್ಸನ್ ಟೌನಿನ ಬಂಗಲೆಗಳಿಗೆ ಹೋಗುತ್ತಿದ್ದರಂತೆ. ಅಡುಗೆಮನೆಯ ಹಿಂಬಾಗಿಲು ದಾಟಿ ಒಳಗೆ ಅವರನ್ನು ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಮನೆಯಲ್ಲಿ ಮಾತ್ರ ಆ ಬಾಗಿಲಿಂದ ನೆಟ್ಟಗೆ ಮುಂದಿನ ಹಾಲ್ ಕಾಣುತ್ತಿತ್ತು, ಅಲ್ಲಿ ಸೋಫಾದ ಪಕ್ಕ ತಟ್ಟೆಯಗಲದ ಎಲೆಗಳ ಗಿಡವೊಂದು ನಿಂತಿರುತ್ತಿತ್ತು. ಮನೆಯೊಳಗೆ, ಬೆಳೆಯಾಗಿಯಲ್ಲ, ಹೂವಿಗೂ ಅಲ್ಲ, ಸುಮ್ಮನೆ ನೋಡುವುದಕ್ಕೆ ಬೆಳೆಸಿದ ಗಿಡ. ಅದನ್ನು ಅಪ್ಪ ಇಪ್ಪತ್ತೈದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದರು. ನರ್ಸರಿಯವನ ಹತ್ತಿರ ಹೋಗಿ ‘ಮನೆಯೊಳಗೆ ಬದುಕೋ, ದೊಡ್ಡ ಎಲೆಯ, ಹೊಳೆಯೋ ಗಿಡ ಕೊಡಪ್ಪ’ ಎಂದು ಕೇಳಿದ್ದಾರೆ. ಅವನು ಕೊಟ್ಟಿದ್ದಾನೆ. ಅವನು ಹೇಳಿದ ಇಂಗ್ಲಿಷ್ ಹೆಸರು ಆಟೋ ಹಲಸೂರು ದಾಟುವಷ್ಟರಲ್ಲೇ ಅಪ್ಪನ ಬಾಯಿಂದ ಜಾರಿಹೋಗಿತ್ತು. ಅಜ್ಜಿ ಅದಕ್ಕೆ ದೊಡ್ಡೆಲೆ ಗಿಡ ಎಂದಳು, ಅದೇ ಹೆಸರಾಯಿತು. ನರ್ಸರಿಯವನ ಇನ್ನೊಂದು ಮಾತು ಮಾತ್ರ ಅಪ್ಪನಿಗೆ ಚೆನ್ನಾಗಿ ನೆನಪಿತ್ತು. ಬಿಸಿಲು ತಾಗಬಾರದು, ಆದರೆ ಬೆಳಕು ಬೇಕು. ಅಂದೇ ಸಂಜೆ ನನ್ನ ಮೇಜು ಮೆಟ್ಟಿಲ ಕೆಳಗೆ, ಗ್ರೈಂಡರಿನ ಪಕ್ಕಕ್ಕೆ ಹೋಯಿತು.

“ಅಲ್ಲಿ ಕತ್ಲು ಅಪ್ಪ,” ಎಂದೆ.

“ಲೈಟ್ ಹಾಕ್ಕೊಂಡು ಓದು. ಗಿಡಕ್ಕೆ ಲೈಟ್ ಹಾಕಕ್ಕಾಗುತ್ತಾ?”

ಈ ತರ್ಕಕ್ಕೆ ಹನ್ನೊಂದು ವರ್ಷದ ಹುಡುಗಿ ಏನು ಉತ್ತರ ಕೊಡಬೇಕು? ಮೇಲಿಂದ ಗಿಡದ ಚಾಕರಿಯೂ ನನ್ನ ತಲೆಗೇ ಬಂತು. ವಾರಕ್ಕೆರಡು ಸಲ ಎಲೆಯ ಧೂಳು ಒರೆಸಬೇಕು. ಒರೆಸುವ ಕ್ರಮವನ್ನು ಅಜ್ಜಿ ಕಲಿಸಿದಳು. ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಎಡ ಅಂಗೈಯನ್ನು ಎಲೆಯ ಅಡಿಗೆ ಹಿಡಿದು, ಬಲಗೈಯಲ್ಲಿ ತೊಟ್ಟಿನಿಂದ ತುದಿಯ ಕಡೆಗೆ ಮೆಲ್ಲಗೆ ಎಳೆಯಬೇಕು. ಅಡಿಗೆ ಕೈ ಇಲ್ಲದೆ ಒರೆಸಿದರೆ ಎಲೆ ಮುರಿಯುತ್ತದೆ. ನೀರು ಹಾಕುವ ಮೊದಲು ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು, ತಂಪಾಗಿದ್ದರೆ ಅವತ್ತು ನೀರು ಬೇಡ. ಅಮ್ಮನಿಗೆ ಎಲೆ ಫಳಫಳ ಹೊಳೆಯಬೇಕಿತ್ತು, ಹಾಗಾಗಿ ಶುಕ್ರವಾರ ನಮ್ಮ ತಲೆಗೆ ಹಚ್ಚಿ ಉಳಿದ ಕೊಬ್ಬರಿ ಎಣ್ಣೆಯನ್ನು ಅದಕ್ಕೂ ಸವರುತ್ತಿದ್ದಳು. ಅದಕ್ಕೆ ಅತ್ತೆ ಸೊಸೆಗೆ ಜಗಳ.

“ಎಣ್ಣೆ ಬಳುದ್ರೆ ಧೂಳು ಮೆತ್ಕೋತದೆ ಕಣಮ್ಮಿ. ಎಲೆ ಉಸ್ರಾಡೋದು ಎಂಗೆ?”

“ನರ್ಸರಿಯೋನು ಹೊಳೀಬೇಕು ಅಂತಾನೆ ಕೊಟ್ಟಿರೋದು ಅತ್ತೆ.”

ಈ ಜಗಳಕ್ಕೆ ಅಪ್ಪ ನ್ಯಾಯ ಹೇಳುತ್ತಿದ್ದರು, ನ್ಯಾಯ ಸದಾ ಅಜ್ಜಿಯ ಪರವಾಗಿರುತ್ತಿತ್ತು. ಬೇರೆ ಯಾವ ವಿಷಯದಲ್ಲೂ ಅಜ್ಜಿಯನ್ನು ಕೇಳುವವರಿರಲಿಲ್ಲ. ಮನೆಯ ನಕ್ಷೆ ಬರೆಸುವಾಗ ಕೇಳಲಿಲ್ಲ, ಹಸು ಮಾರುವಾಗ ಕೇಳಲಿಲ್ಲ, ಏನು ಸಾರು ಮಾಡಬೇಕೆಂದು ಕೂಡ ಕೇಳುತ್ತಿರಲಿಲ್ಲ. ಎಲೆಯ ವಿಷಯ ಬಂದರೆ ಮಾತ್ರ ಅಪ್ಪ ಕೈಕಟ್ಟಿ ನಿಂತು, ‘ಏನವ್ವ ಹೇಳ್ತೀಯ?’ ಎನ್ನುತ್ತಿದ್ದರು. ಆ ಪ್ರಶ್ನೆಗೆ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ಬರುತ್ತಿದ್ದಳು. ಅವಳು ಹೇಳಿದಂತೆ ಮಾಡಿ ಗಿಡ ಚೆನ್ನಾಗಿಯೇ ಬೆಳೆಯಿತು. ಆರೇಳು ಎಲೆ ಬಿಟ್ಟಿತು, ಎಲ್ಲವೂ ಇಡಿಯಾಗಿ, ವೀಳ್ಯದೆಲೆಯ ಆಕಾರದಲ್ಲಿ, ಒಂದಕ್ಕಿಂತ ಒಂದು ಅಗಲ. ಬಂದವರೆಲ್ಲ ನೋಡಿ ಹೊಗಳಿದರು. ಒರೆಸಿದವಳನ್ನು ಯಾರೂ ಹೊಗಳಲಿಲ್ಲ.

ಗಿಡದ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಬಚ್ಚಿಡುವುದಿಲ್ಲ. ನನ್ನ ಕಿಟಕಿಯಲ್ಲಿ ಅದು ನಿಂತಿರುವುದನ್ನು ಕಂಡಾಗೆಲ್ಲ ಕಿತ್ತು ಹಾಕಬೇಕು ಎನ್ನಿಸುತ್ತಿತ್ತು. ತಂಗಿ ಸವಿತಾಳ ಮುಂದೆ ಒಂದು ಸಲ ಹಾಗೆ ಅಂದೂಬಿಟ್ಟೆ. ಅನ್ನಿಸುವುದು ಬೇರೆ, ಮಾಡುವುದು ಬೇರೆ. ಈ ಎರಡರ ನಡುವಿನ ವ್ಯತ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಮಳೆಗಾಲ ಶುರುವಾದ ಮೇಲೆ ಹೊಸ ಎಲೆಯೊಂದು ಬಂತು. ತಿಳಿ ಹಸಿರಿನ ಬಿಗಿಯಾದ ಸುರುಳಿ. ಒರೆಸುವವಳು ನಾನಾದ್ದರಿಂದ ದಿನಾ ನೋಡುತ್ತಿದ್ದೆ. ಮೂರನೆಯ ದಿನ ಅದು ಸ್ವಲ್ಪ ಸಡಿಲವಾದಾಗ ಅಂಚಿನಲ್ಲಿ ಸೀಳು ಕಾಣಿಸಿತು. ಸ್ಕೂಲಿಂದ ಬರುವಷ್ಟರಲ್ಲಿ ಎಲೆ ಪೂರ್ತಿ ಬಿಚ್ಚಿಕೊಂಡಿತ್ತು. ಒಂದು ಮಗ್ಗುಲಲ್ಲಿ ಎರಡು ಉದ್ದನೆಯ ಸೀಳು, ನಡುನರದ ಪಕ್ಕ ಮೂರು ತೂತು. ಅಪ್ಪ, ಅಮ್ಮ, ಅಜ್ಜಿ ಮೂವರೂ ಗಿಡದ ಸುತ್ತ ನಿಂತಿದ್ದರು.

ತೂತು ಬಿದ್ದ ಎಲೆ ಎಂದರೆ ನಮ್ಮವರಿಗೆ ಒಂದೇ ಅರ್ಥ. ಕೋಸಿಗೆ ತೂತು ಬಿದ್ದರೆ ಮಾರ್ಕೆಟ್ಟಿನಲ್ಲಿ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ಮೊದಲು ಹುಳ ಹುಡುಕಿದರು. ಎಲೆಯ ಅಡಿ, ತೊಟ್ಟಿನ ಸಂದಿ, ಮಣ್ಣು, ಎಲ್ಲ ನೋಡಿದರು. ಹುಳ ಇರಲಿಲ್ಲ, ಹಿಕ್ಕೆಯೂ ಇರಲಿಲ್ಲ. ಅಪ್ಪ ಕೈಕಟ್ಟಿ ನಿಂತರು.

“ಏನವ್ವ ಹೇಳ್ತೀಯ?”

ಅಜ್ಜಿ ಎಲೆಯನ್ನು ಬೆಳಕಿಗೆ ಹಿಡಿದು, ತೂತಿನ ಅಂಚಿನ ಸುತ್ತ ಬೆರಳಾಡಿಸಿದಳು.

“ಹುಳ ತಿಂದ್ರೆ ಅಂಚು ಕಂದೋಯ್ತದೆ. ಒರಟೊರಟಾಗಿರ್ತದೆ. ಇದ್ ನೋಡು, ಎಷ್ಟ್ ನುಣ್ಣುಗದೆ. ಇದು ಹುಳದ ಕೆಲ್ಸ ಅಲ್ಲ. ಕತ್ರಿ ಕೆಲ್ಸ.”

ಕತ್ತರಿ ಎಂದ ಮೇಲೆ ಇನ್ನೇನು ಬೇಕು? ಕ್ರಾಫ್ಟ್ ಕ್ಲಾಸಿಗೆಂದು ತೆಗೆಸಿಕೊಂಡಿದ್ದ ಪುಟ್ಟ ಕತ್ತರಿ ನನ್ನ ಸ್ಕೂಲ್ ಬ್ಯಾಗಿನಲ್ಲೇ ಇತ್ತು. ಸವಿತಾ ತನ್ನ ಪಾಲಿನ ಸಾಕ್ಷಿಯನ್ನೂ ಹೇಳಿದಳು, ‘ಅಕ್ಕ ಗಿಡ ಕಿತ್ತಾಕ್ತೀನಿ ಅಂದಿದ್ಲು.’ ನಾನು ನಾನಲ್ಲ ಎಂದೆ. ಅದು ಹುಟ್ಟುವಾಗಲೇ ಹಾಗಿತ್ತು, ಸುರುಳಿಯೊಳಗೇ ಸೀಳಿತ್ತು, ನಾನು ಕಣ್ಣಾರೆ ನೋಡಿದೆ ಎಂದೆ. ಅಪ್ಪ ನಕ್ಕುಬಿಟ್ಟರು.

“ಹರಕಲು ಎಲೆ ಯಾವ್ದಾದ್ರೂ ಹುಟ್ಟುತ್ತೇನೇ? ನಿಮ್ಮಜ್ಜಿಗೆ ಹೇಳ್ಕೊಡ್ತೀಯಾ?”

ಅಮ್ಮ ಕೈ ಹಿಡಿದು ದೇವರ ಮುಂದೆ ಎಳೆದುಕೊಂಡು ಹೋದಳು. ನಮ್ಮಲ್ಲಿ ಆಣೆ ಎಂದರೆ ಬಾಯಿಮಾತಲ್ಲ. ನೆಲದ ಮೇಲೆ ಕರ್ಪೂರ ಹಚ್ಚುತ್ತಾರೆ, ಹೇಳುವುದನ್ನು ಹೇಳಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಬೇಕು. ದೊಡ್ಡವರೇ ಅದಕ್ಕೆ ಹಿಂದೆಮುಂದೆ ನೋಡುತ್ತಾರೆ. ಕರ್ಪೂರ ಕಂಡರೆ ನಾನು ಹೆದರಿ ಒಪ್ಪಿಕೊಳ್ಳುತ್ತೇನೆ ಎಂಬುದು ಅಮ್ಮನ ಲೆಕ್ಕ. ನಾನು, ‘ಎಲೆ ಹರಿದಿದ್ದು ನಾನಲ್ಲ’ ಎಂದು ಹೇಳಿ ಪಟ್ಟನೆ ಬಡಿದೆ. ಅಂಗೈ ಚುರ್ ಎಂದಿತು, ಕರ್ಪೂರ ಆರಿತು. ಅಲ್ಲಿಗೆ ಮುಗಿಯಿತು, ಇನ್ನು ನನ್ನನ್ನು ನಂಬುತ್ತಾರೆ ಎಂದುಕೊಂಡೆ. ಆಣೆ ಇರುವುದೇ ಅದಕ್ಕಲ್ಲವೇ? ಆದರೆ ಅಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಕುಸಿದು ಕೂತಳು.

“ಸುಳ್ಳು ಆಣೆ ಮಾಡ್ಬಿಟ್ಲಲ್ಲ ಅತ್ತೆ. ಮನೆಗೇನ್ ಕೇಡು ಕಾದಿದ್ಯೋ.”

ಎಲೆಯ ಅಪರಾಧ ಅಲ್ಲಿಗೆ ಸಣ್ಣದಾಯಿತು. ಎಲೆ ಹರಿದ ಹುಡುಗಿ ಹೋಗಿ ದೇವರಿಗೇ ಸುಳ್ಳು ಹೇಳಿದ ಹುಡುಗಿಯಾದೆ. ಅಜ್ಜಿ ಕುಡುಗೋಲು ತಂದು ಆ ಎಲೆಯನ್ನು ತೊಟ್ಟಿನ ಬುಡಕ್ಕೆ ಕತ್ತರಿಸಿ ಹಾಕಿದಳು, ಕೆಟ್ಟ ಎಲೆ ಗಿಡದ ಮೇಲಿರಬಾರದೆಂದು. ಎರಡು ದಿನ ನನ್ನೊಂದಿಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಸವಿತಾಳಿಗೆ ಜ್ವರ ಬಂತು. ಮಳೆಗಾಲದಲ್ಲಿ ಮಕ್ಕಳಿಗೆ ಜ್ವರ ಬರುತ್ತದೆ, ನಮ್ಮ ಕ್ರಾಸಿನಲ್ಲೇ ನಾಲ್ಕು ಮಕ್ಕಳಿಗೆ ಬಂದಿತ್ತು. ನಮ್ಮ ಮನೆಗೆ ಬಂದದ್ದು ಮಾತ್ರ ನನ್ನ ಆಣೆಯಿಂದ. ಡಾಕ್ಟರ ಹತ್ತಿರ ಹೋಗಿಬಂದರು, ಔಷಧಿ ಕೊಟ್ಟರು, ಜ್ವರ ಇಳಿಯಲಿಲ್ಲ. ಅಮ್ಮ ನನ್ನ ಮುಂದೆ ಬಂದು ಕೂತಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಒಂದ್ ಮಾತು ಒಪ್ಕೊಂಡ್ಬಿಡು ಮಗಳೆ. ನಿನ್ ತಂಗಿ ಅಲ್ವಾ? ನಾನು ಹೊಡಿಯಲ್ಲ.”

ಸವಿತಾ ಒಳಗೆ ನರಳುತ್ತಿದ್ದಳು. ನಾನೂ ಆ ಮನೆಯ ಮಗಳೇ ತಾನೆ. ಆಣೆ, ಕೇಡು ಎಲ್ಲವನ್ನೂ ನಾನೂ ನಂಬುತ್ತಿದ್ದೆ. ನಿಜ ಹೇಳಿದ್ದಕ್ಕೆ ಕೇಡಾಗಲಾರದು ಎಂದು ಒಂದು ಮನಸ್ಸು ಹೇಳಿತು. ಆಗಿಬಿಟ್ಟರೆ ಎಂದು ಇನ್ನೊಂದು ಮನಸ್ಸು ಹೆದರಿತು. ಕೊನೆಗೆ ದೇವರ ಮುಂದೆ ನಿಂತು, ಎಲ್ಲರೂ ಕೇಳುವಂತೆ, ‘ಎಲೆ ಹರಿದಿದ್ದು ನಾನೇ’ ಎಂದೆ. ಮೂಗು ನೆಲಕ್ಕೆ ತಾಗುವಂತೆ ಅಡ್ಡಬಿದ್ದೆ. ತಪ್ಪುಕಾಣಿಕೆ ಕಟ್ಟಿಸಿದರು. ಮಾರನೆಯ ದಿನ ಜ್ವರ ಇಳಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಅಮ್ಮ ಅವತ್ತು ನನಗೆ ಬಿಸಿ ಒಬ್ಬಟ್ಟು ಮಾಡಿ ತುಪ್ಪ ಹಾಕಿ ಕೊಟ್ಟಳು. ಅದನ್ನು ತಿಂದೆ ಎನ್ನುವುದೇ ನನಗೆ ಇವತ್ತಿಗೂ ನಾಚಿಕೆ. ಗಿಡದ ಹತ್ತಿರ ನಾನು ಇನ್ನು ಹೋಗಕೂಡದು ಎಂದು ಅಪ್ಪ ಅಪ್ಪಣೆ ಮಾಡಿದರು. ಒರೆಸುವ ಕೆಲಸ ಅಜ್ಜಿಯ ಪಾಲಿಗೆ ಹೋಯಿತು.

ದಸರಾ ರಜೆಗೆ ನನ್ನನ್ನೂ ಸವಿತಾಳನ್ನೂ ಕೋಲಾರದ ಹತ್ತಿರ ಇದ್ದ ಚಿಕ್ಕಮ್ಮನ ಮನೆಗೆ ಕಳಿಸಿದರು. ಮರಳಿ ಬಂದಾಗ ಗಿಡ ಹಾಗೇ ಇತ್ತು. ಒಂದು ಚಿಗುರು ಬಂದಿತ್ತಂತೆ, ಕೊಳೆತುಹೋಯಿತು, ಕಿತ್ತು ಹಾಕಿದೆ ಎಂದಳು ಅಜ್ಜಿ. ಯಾರೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಸುರುಳಿ ಬಂತು. ನಾನು ಆ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಅದು ಬಿಚ್ಚಿಕೊಂಡಾಗ ನಾಲ್ಕು ಸೀಳು, ಆರೇಳು ತೂತು. ಅಪ್ಪ ಬಾಗಿಲ ಹಿಂದಿನ ಬೆತ್ತ ತೆಗೆದುಕೊಂಡರು. ಹೊಡೆಯುವ ಮೊದಲು ಎಂದಿನಂತೆ ಅಜ್ಜಿಯ ಕಡೆ ತಿರುಗಿದರು.

“ಏನವ್ವ ಹೇಳ್ತೀಯ?”

“ನಂಗೇನ್ ಗೊತ್ತಪ್ಪ. ಕಣ್ ಮಂಜು ಮಂಜು.”

ಅಜ್ಜಿ ತನ್ನ ಕಣ್ಣು ಮಂಜು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಮೇಲಿನ ಕನಿಕರಕ್ಕೆ ಹಾಗೆಂದಳು ಎಂದುಕೊಂಡೆ, ಮನಸ್ಸಿನಲ್ಲೇ ಕೈಮುಗಿದೆ. ಅಪ್ಪ ಒಂದೇಟು ಹಾಕಿ ಎರಡನೆಯದಕ್ಕೆ ಕೈ ಎತ್ತಿದ್ದರು. ಅಷ್ಟರಲ್ಲಿ ಮೇಲಿನ ಮನೆಯ ಶೈಲಜಾ ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದುಕೊಂಡು ಬಂದರು. ಗದಗಿನ ಕಡೆಯವರು, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು, ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬೆತ್ತ ಕಂಡು ಬಾಗಿಲಲ್ಲೇ ನಿಂತರು, ಮಾತು ತೇಲಿಸಲೆಂದೋ ಏನೋ ಗಿಡದ ಕಡೆ ನೋಡಿದರು.

“ಎಷ್ಟ ಛಂದ ಬಂದೈತ್ರೀ ಇದು. ನಮ್ಮ ಆಫೀಸಿನ್ಯಾಗೂ ಐತಿ, ಖರೆ ಇಷ್ಟ ತೂತ ಬಿದ್ದಿಲ್ಲ.”

“ತೂತು ಬೀಳೋದು ಒಳ್ಳೇದಾ?” ಎಂದರು ಅಪ್ಪ.

“ಅದರ ಜಾತೀನ ಹಂಗ ರೀ. ಸಣ್ಣದಿದ್ದಾಗ ಇಡೀ ಎಲಿ, ದೊಡ್ಡದಾದಂಗ ಸೀಳಿದ ಎಲಿ ಬರ್ತಾವ. ಸುರುಳಿ ಇದ್ದಾಗನ ಒಳಗ ತೂತ ಇರ್ತಾವ ನೋಡ್ರಿ. ನಿಮ್ಮ ಕೈಗುಣ ಛಲೋ ಐತಿ.”

ಅಪ್ಪ ಬೆತ್ತವನ್ನು ಬಾಗಿಲ ಹಿಂದೆ ಇಟ್ಟರು. ಮುಖ ಅರಳಿಸಿಕೊಂಡು ಗಿಡದ ಸುತ್ತ ಒಂದು ಸುತ್ತು ಬಂದರು. ‘ನೋಡ್ದೇನೇ, ನಾವ್ ಒಳ್ಳೆ ಎಲೇನೇ ಕೊಯ್ದು ಹಾಕ್ಬಿಟ್ವಿ,’ ಎಂದು ಅಮ್ಮನಿಗೆ ಹೇಳಿ ನಕ್ಕರು. ಅಮ್ಮನೂ ನಕ್ಕಳು. ಅವರು ಮರುಗಿದ್ದು ಎಲೆಗೆ. ನಾನು ಅಲ್ಲೇ ತೊಡೆ ಉಜ್ಜಿಕೊಂಡು ನಿಂತಿದ್ದೆ, ಯಾರಾದರೂ ಒಂದು ಮಾತು ಹೇಳುತ್ತಾರೆಂದು. ಶೈಲಜಾ ಮಜ್ಜಿಗೆ ತೆಗೆದುಕೊಂಡು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು.

“ಹಂಗಾದ್ರೆ ಹರಿದಿದ್ದು ನಾನೇ ಅಂತ ದೇವ್ರ ಮುಂದೆ ಯಾಕೆ ಸುಳ್ಳು ಹೇಳ್ದೆ?”

ನಿಜ ಹೇಳಿದಾಗ ಸುಳ್ಳಿ, ಸುಳ್ಳು ಹೇಳಿದಾಗ ಒಳ್ಳೆಯ ಹುಡುಗಿ, ನಿಜ ಹೊರಬಿದ್ದಾಗ ಮತ್ತೆ ಸುಳ್ಳಿ. ಹನ್ನೊಂದನೆಯ ವಯಸ್ಸಿಗೆ ನನಗೆ ನ್ಯಾಯ ಎಂದರೆ ಏನೆಂದು ಕಲಿಸಿದ್ದು ಈ ಮೂರು ಪಾಠ. ಇವತ್ತು ನನ್ನನ್ನು ಜಗಳಗಂಟಿ ಎನ್ನುವವರಿದ್ದಾರೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮಗಳ ಸ್ಕೂಲಿನಲ್ಲಿ ಯಾರನ್ನಾದರೂ ಸುಮ್ಮನೆ ಗದರಿಸುವುದು ಕಂಡರೆ ನಾನು ಸುಮ್ಮನಿರಲಾರೆ, ‘ನೀವು ನೋಡಿದ್ರಾ?’ ಎಂದು ಕೇಳಿಯೇ ಕೇಳುತ್ತೇನೆ. ಅದು ಆ ಕಿಟಕಿಯ ಕೆಳಗೆ ಕಲಿತ ಪ್ರಶ್ನೆ. ಕಿಟಕಿಯನ್ನು ನನಗೆ ಯಾರೂ ವಾಪಸ್ ಕೊಡಲಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಗ್ರೈಂಡರಿನ ಪಕ್ಕದಲ್ಲೇ ಓದಿದೆ.

ಗಿಡ ಮುಂದೆ ಸೂರಿನವರೆಗೆ ಬೆಳೆಯಿತು. ಮನೆಯ ಫೋಟೋಗಳೆಲ್ಲ ಅದರ ಮುಂದೆಯೇ. ನನ್ನ ನಿಶ್ಚಿತಾರ್ಥವೂ ಅದೇ ಹಾಲ್‌ನಲ್ಲಿ, ಅದೇ ಎಲೆಗಳ ಮುಂದೆ ಚಾಪೆ ಹಾಸಿ ನಡೆಯಿತು. ತಾಂಬೂಲ ಬದಲಾಯಿಸಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅಪ್ಪ ಗಂಡಿನ ಕಡೆಯವರಿಗೆ ಗಿಡ ತೋರಿಸುತ್ತ, ‘ಚಿಕ್ಕೋಳಿದ್ದಾಗ ಹೊಟ್ಟೆಕಿಚ್ಚಿಗೆ ಇದರ ಎಲೆ ಹರಿದು ಹಾಕ್ತಿದ್ಲು ನಮ್ಮ ಹುಡುಗಿ’ ಎಂದು ತಮಾಷೆಗೆ ಹೇಳಿದರು. ಎಲ್ಲರೂ ನಕ್ಕರು. ಶೈಲಜಾ ಹೇಳಿದ ಮಾತು ಅವರಿಗೆ ಮರೆತುಹೋಗಿತ್ತು, ಅದಕ್ಕಿಂತ ಹಳೆಯ ಸುಳ್ಳು ನೆನಪಿತ್ತು. ನನಗೆ ಅಲ್ಲಿ ಕೂರಲಾಗಲಿಲ್ಲ. ಸೀರೆ ಸರಿಮಾಡಿಕೊಳ್ಳುವ ನೆಪದಲ್ಲಿ ಒಳಗೆದ್ದು ಬಂದೆ. ಕೋಣೆಯಲ್ಲಿ ಅಜ್ಜಿ ಮಂಚದ ಮೇಲೆ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದಳು. ಬಾಗಿಲು ತೆರೆದಿತ್ತು, ಅಪ್ಪನ ಮಾತು ಅವಳಿಗೂ ಕೇಳಿಸಿತ್ತು.

“ನೀನ್ ಹರೀಲಿಲ್ಲ. ನಂಗೊತ್ತು,” ಎಂದಳು.

“ಎಲ್ರಿಗೂ ಗೊತ್ತು ಅಜ್ಜಿ. ಶೈಲಜಾ ಆಂಟಿ ಹೇಳಿದ್ರಲ್ಲ.”

“ಆವಮ್ಮ ಹೇಳಕ್ ಮೊದ್ಲೇ ಗೊತ್ತಿತ್ತು. ನೀನು ದಸರಾಗೆ ಊರಿಗೋಗಿದ್ಯಲ್ಲ. ಆಗೊಂದು ಎಲೆ ಬಂತು. ನನ್ ಕಣ್ ಮುಂದೇನೇ ಬಿಚ್ಕೊಂತು, ಒಳಗೇ ತೂತಿತ್ತು. ಯಾರೂ ಏಳಕ್ ಮುಂಚೆ ಕೊಯ್ದು ಹಿಂದಿನ್ ಸೈಟಿನ ತೆಂಗಿನ ಗುಂಡೀಲಿ ಹೂತಾಕ್ದೆ. ಕೊಳ್ತೋಯ್ತು ಅಂತ ಅಂದೆ.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಕಣ್ಣು ಮಂಜಾದದ್ದು ನೆನಪಾಯಿತು, ತೊಡೆಯ ಮೇಲೆ ಬಿದ್ದ ಬೆತ್ತವೂ ನೆನಪಾಯಿತು. ಕನಿಕರ ಎಂದುಕೊಂಡು ಆ ಹೊತ್ತು ಕೈಮುಗಿದಿದ್ದೆನಲ್ಲ, ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

“ಯಾಕಜ್ಜಿ?”

ಅಜ್ಜಿ ಎಲೆಯ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

“ನೆಲ ಹೋಯ್ತು, ಹಸ ಹೋಯ್ತು. ನಿಮ್ಮಪ್ಪ ನನ್ನ ಕೇಳ್ತಿದ್ದಿದ್ದು ಅದೊಂದೇ, ಎಲೆ ಇಚಾರ. ಅದೂ ನಂಗೆ ಗೊತ್ತಿಲ್ಲ ಅಂತಾದ್ರೆ ಆಮ್ಯಾಕೆ ನನ್ನ ಯಾರ್ ಕೇಳೋರು?”

“ನನ್ನ ಯಾರ್ ಕೇಳಿದ್ರು ಅಜ್ಜಿ?”

ಅವಳು ಇನ್ನೊಂದು ವೀಳ್ಯದೆಲೆ ಕೈಗೆತ್ತಿಕೊಂಡಳು. ಹಾಗಾದರೆ ಈಗ ಹೊರಗೆ ಬಂದು ಹೇಳು ಎಂದೆ. ಹಾಲ್ ತುಂಬ ಜನ ಇದ್ದಾರೆ, ಅಪ್ಪ ಇದ್ದಾರೆ, ಎಲ್ಲರೂ ಕೇಳುವಂತೆ ಒಂದೇ ಮಾತು ಹೇಳು ಎಂದೆ. ಕೈ ಹಿಡಿದು ಎಬ್ಬಿಸಲೂ ನೋಡಿದೆ. ಅಜ್ಜಿ, ‘ಈಗ್ಯಾಕೆ ಬುಡು, ಒಳ್ಳೆ ಹೊತ್ತು’ ಎಂದು ಕೈ ಬಿಡಿಸಿಕೊಂಡಳು. ಅವಳ ನೋವು ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಸಂಪಿನ ಹಿಂದೆ ಪುದೀನ ಬಚ್ಚಿಟ್ಟವಳ ನೋವು ನನಗೆ ಅರ್ಥವಾಗುತ್ತದೆ. ಆದರೆ ತನ್ನ ಮಾತು ಉಳಿಸಿಕೊಳ್ಳಲು ಅವಳು ನನ್ನ ಮಾತನ್ನು ಹೂತುಹಾಕಿದಳು. ಎರಡು ವರ್ಷದ ಮೇಲೆ ತೀರಿಕೊಂಡಳು, ಹೊರಗೆ ಬಂದು ಹೇಳಲೇ ಇಲ್ಲ.

ಅಪ್ಪ ಈಗಲೂ ಆ ತಮಾಷೆ ಹೇಳುತ್ತಾರೆ. ಹೋದ ಹಬ್ಬದಲ್ಲಿ ನನ್ನ ಮಗಳಿಗೆ ಹೇಳಿದರು. ಅವಳಿಗೂ ಈಗ ಹನ್ನೊಂದು. ವಾಪಸ್ ಬರುವಾಗ ಕಾರಿನಲ್ಲಿ ನನ್ನ ಮುಖ ನೋಡುತ್ತ, ‘ಅಮ್ಮ, ನಿಜವಾಗ್ಲೂ ನೀನು ಹರಿದಿದ್ಯಾ?’ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವಳು ಅವಳೊಬ್ಬಳೇ. ಕರ್ಪೂರ ಆರಿಸಿ ಅಂದು ಹೇಳಿದ್ದನ್ನೇ ಅವಳಿಗೆ ಹೇಳಿದೆ, ಇಲ್ಲೂ ಬರೆಯುತ್ತೇನೆ. ಎಲೆ ಹರಿದಿದ್ದು ನಾನಲ್ಲ.